ಸುಕ್ಕಿಲ್ಲದ ಮೂರು ಲಕೋಟೆ

ಸುಕ್ಕು ಕಂಡರೆ ಇಸ್ತ್ರಿಯಮ್ಮನಿಗೆ ಮೈಯೆಲ್ಲ ಉರಿ. ಗಂಡನ ಷರ್ಟಿರಲಿ, ಮೇಜಿನ ಹಾಸಿರಲಿ, ದಿನಪತ್ರಿಕೆಯ ಮುದುಡಿದ ಮೂಲೆಯಿರಲಿ, ಅವಳ ಕೈ ಸುಮ್ಮನಿರುವುದಿಲ್ಲ. ಗಿರಾಕಿಗಳು ಮಾತಾಡುತ್ತ ನಿಂತಿದ್ದರೂ ಅವಳ ಕಣ್ಣು ಅವರ ಮುಖದ ಮೇಲಲ್ಲ, ಕಾಲರಿನ ಮೇಲೆ.

ಮನೆಯ ಮುಂಭಾಗವೇ ಅಂಗಡಿ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ಯಂತ್ರ. ಅದು ಗಂಡನ ಸಾಮ್ರಾಜ್ಯ. ಮುಂದೆ ಉದ್ದ ಮೇಜು, ಹಬೆ ಉಗುಳುವ ಇಸ್ತ್ರಿಪೆಟ್ಟಿಗೆ, ಮೇಲೊಂದು ತಂತಿ; ಆದ ಬಟ್ಟೆಗೆ ನಂಬರಿನ ಚೀಟಿ ಚುಚ್ಚಿ ಅಲ್ಲಿ ತೂಗುಹಾಕುವುದು ಪದ್ಧತಿ. ಅಜ್ಜಿ, ಅಂದರೆ ಗಂಡನ ತಾಯಿ, ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಮಗಳು ಓದಿನ ನಡುವೆ ಚೀಟಿ ಚುಚ್ಚುತ್ತಿದ್ದಳು.

ಮಹಡಿಯ ಕೋಣೆಯಲ್ಲಿ ಮೇಡಂ. ಮೇಡಂ ಎಂದರೆ ಗಂಡನ ಅಕ್ಕ. ಮದುವೆಯಾಗದೆ ಮೂವತ್ತೊಂದು ವರ್ಷ ಪಾಠ ಹೇಳಿ, ಕೊನೆಗೆ ಅದೇ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಈ ವರ್ಷವಷ್ಟೇ ನಿವೃತ್ತರಾದವರು. ಬೀದಿಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರು, ಇನ್ನರ್ಧ ಜನ ಹಾಗೆ ತಿಂದವರ ಮಕ್ಕಳು. ನಿವೃತ್ತಿಯ ದಿನ ವಿದ್ಯಾರ್ಥಿಗಳು ಒಂದು ಡಬ್ಬಿ ಹೊಸ ಬಗೆಯ ಪೆನ್ನು ಕೊಟ್ಟಿದ್ದರು. ಬರೆದದ್ದು ತಪ್ಪಾದರೆ ಪೆನ್ನಿನ ಬಾಲದಿಂದ ಉಜ್ಜಿದರೆ ಸಾಕು, ಅಕ್ಷರ ಮಾಯ. ಪದಬಂಧ ತುಂಬುವವರಿಗೆ ಹೇಳಿ ಮಾಡಿಸಿದ್ದು. ಮೇಡಂ ಬೇರೆ ಪೆನ್ನು ಮುಟ್ಟುವುದನ್ನೇ ಬಿಟ್ಟಿದ್ದರು.

ಮಗಳಿಗೆ ದನ, ನಾಯಿ, ಕುದುರೆಗಳ ಡಾಕ್ಟರಾಗುವ ಹುಚ್ಚು. ಬಸ್ಸು ಹಿಡಿದು ಹೋಗುವಷ್ಟು ದೂರದಲ್ಲಿ ಪಶುವೈದ್ಯ ಕಾಲೇಜುಗಳು ಇರುವುದೇ ಮೂರು. ಮೂರಕ್ಕೂ ಅರ್ಜಿ ಹಾಕಿದಳು. ಅರ್ಜಿ ಅಚ್ಚು ಹಾಕಿಸಿದ್ದು, ಅಂಕಪಟ್ಟಿ ಅಚ್ಚಿನದ್ದು, ಆದರೆ ಓದಿದ ಶಾಲೆಯ ಆ ವರ್ಷದ ಮುಖ್ಯಸ್ಥರು ಒಂದು ಶಿಫಾರಸು ಪತ್ರವನ್ನು ಕೈಯಾರೆ ಬರೆದು, ಸಹಿ ಹಾಕಿ, ಅಂಟಿಸಿ ಕೊಡಬೇಕು. ಹುಡುಗಿಯಾಗಲಿ ಮನೆಯವರಾಗಲಿ ಅದನ್ನು ಓದುವಂತಿಲ್ಲ. ಮೇಡಂ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೂರು ಪತ್ರ ಬರೆದು, ಅಂಟಿಸಿ, ಕೆಳಗೆ ತಂದು ಕೊಟ್ಟರು.

ಎಲ್ಲವನ್ನೂ ಮೂರು ದೊಡ್ಡ ಲಕೋಟೆಗಳಲ್ಲಿ ಹಾಕಿ ಮಗಳು ಬಾಲ್‌ಪೆನ್ನಿನಲ್ಲಿ ವಿಳಾಸ ಬರೆದಳು. ಒಗೆಯುವ ಕೋಣೆಯ ತೇವಕ್ಕೆ ಅವು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು.

"ಕೊಡೇ ಇಲ್ಲಿ," ಎಂದಳು ಇಸ್ತ್ರಿಯಮ್ಮ.

"ಅಮ್ಮಾ, ಅದು ಅರ್ಜಿ. ಅಂಗಿ ಅಲ್ಲ."

"ನಮ್ಮ ಅಂಗಡಿಯಿಂದ ಸುಕ್ಕಾಗಿರೋ ವಸ್ತು ಹೊರಗೆ ಹೋಗಿದ್ದುಂಟಾ? ಕವರ್ ನೋಡಿದ ತಕ್ಷಣ ಗೊತ್ತಾಗ್ಬೇಕು ಅವರಿಗೆ, ಇದು ಅಚ್ಚುಕಟ್ಟಾದ ಮನೆ ಹುಡುಗಿ ಅಂತ."

ತೆಳು ಬಟ್ಟೆ ಹಾಸಿ, ಒಂದೊಂದಕ್ಕೂ ಎರಡೆರಡು ಸಲ ಚೆನ್ನಾಗಿ ಒತ್ತಿ ಇಸ್ತ್ರಿ ಹಾಕಿದಳು. ಲಕೋಟೆಗಳು ಆಗ ತಾನೇ ಅಂಗಡಿಯಿಂದ ಕೊಂಡು ತಂದ ಹಾಗಾದವು. ಮಗಳು ನಗುತ್ತ ಅಂಚೆ ಕಚೇರಿಗೆ ಓಡಿದಳು.

ಅಲ್ಲಿಂದ ಶುರುವಾಯಿತು ಕಾಯುವುದು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ನಾಲ್ಕು ಜನ ನಾಲ್ಕು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಚಹಾ ಉಕ್ಕುತ್ತಿತ್ತು, ಬ್ರೆಡ್ಡು ಕರಕಲಾಗುತ್ತಿತ್ತು, ಗಂಡ ಒಂದು ದಿನ ಹೋಟೆಲಿನ ಬಿಳಿ ಹಾಸುಗಳ ಜೊತೆ ಕೆಂಪು ಕಾಲುಚೀಲ ಹಾಕಿ ನಲವತ್ತು ಹಾಸನ್ನು ಗುಲಾಬಿ ಮಾಡಿದ.

"ಏನ್ರೀ ಇದು!"

"ತಲೆ ಎಲ್ಲೋ ಇತ್ತು ಕಣೇ."

"ಇದ್ದಿದ್ರೆ ತಾನೇ ಎಲ್ಲೋ ಹೋಗೋಕೆ," ಎಂದಳು ಅಜ್ಜಿ, ಮಗನೆಂಬ ಮುಲಾಜಿಲ್ಲದೆ.

ಮೂರನೆಯ ವಾರ ಮೊದಲ ಉತ್ತರ ಬಂತು. ಎರಡೇ ಸಾಲು: ವಿಷಾದಿಸುತ್ತೇವೆ, ಶುಭವಾಗಲಿ. ಒಂಬತ್ತು ದಿನ ಕಳೆದು ಎರಡನೆಯದು, ಅದೇ ಎರಡು ಸಾಲು. ಮಗಳು ಊಟಕ್ಕೆ ಕೂತು ಅನ್ನ ಕಲಸಿ ಹಾಗೇ ಎದ್ದುಹೋದಳು.

"ಶಾಲೆಗೇ ಎರಡನೇ ನಂಬರು ಈ ಹುಡುಗಿ," ಎಂದಳು ಅಜ್ಜಿ, ಸೂಜಿಗೆ ದಾರ ಪೋಣಿಸುತ್ತ. "ಇವಳಿಗೆ ಬೇಡ ಅಂತಾರೆ ಅಂದ್ರೆ ಕಾಗದದಲ್ಲೇ ಏನೋ ಎಡವಟ್ಟಾಗಿರ್ಬೇಕು."

ಅಜ್ಜಿ ಅದನ್ನು ಸುಮ್ಮನೆ ಆಡಿದ್ದು. ಆದರೆ ಇಸ್ತ್ರಿಯಮ್ಮನ ಕೈಯಲ್ಲಿದ್ದ ಪೆಟ್ಟಿಗೆ ಅಂಗಿಯ ತೋಳಿನ ಅರ್ಧಕ್ಕೇ ನಿಂತುಬಿಟ್ಟಿತು. ಕಾಗದ ಎಂದರೆ ಮೇಡಂ ಕಾಗದ. ಮತ್ತೆ ಮೇಡಂ!

ಇದಕ್ಕೊಂದು ಹಳೆಯ ಕತೆಯಿದೆ. ಇಪ್ಪತ್ತು ವರ್ಷದ ಹಿಂದೆ ಅವಳು ಸೊಸೆಯಾಗಿ ಈ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ ಬಟ್ಟೆಗಳ ಮೇಲೆ ಒಂದು ಕಾಗದವಿತ್ತು: ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿದ ಕಾಗದ. ಓದಿಸುತ್ತೇವೆ ಎಂದೇ ಗಂಡಿನ ಕಡೆಯವರು ಮಾತು ಕೊಟ್ಟಿದ್ದರು. ಬಂದ ಮೂರನೆಯ ದಿನ ಊಟದ ಮೇಜಿನಲ್ಲಿ ಮೇಡಂ, ತಟ್ಟೆಯಿಂದ ತಲೆಯೆತ್ತದೆ, "ಮನೆಗೆ ಓದಿದವಳು ಒಬ್ಬಳು ಸಾಕು. ಅಂಗಡಿಗೆ ಕೈ ಬೇಕು," ಎಂದರು. ಗಂಡ ಕೋಲೆಬಸವನ ಹಾಗೆ ತಲೆಯಾಡಿಸಿದ. ಅಷ್ಟೇ, ಮುಗಿಯಿತು. ಕಾಗದ ಟ್ರಂಕಿನ ತಳಕ್ಕೆ ಹೋಯಿತು. ಅಂದಿನಿಂದ ಮೇಡಂ ಕಾಲರಿಗೆ ಒಂದು ಸುಕ್ಕಿಲ್ಲದಂತೆ ಇಸ್ತ್ರಿ ಹಾಕಿದವಳು ಇವಳೇ. ಮಾತಾಡಲಿಲ್ಲ ಅಂದರೆ ಮರೆತಳು ಅಂತಲ್ಲ. ಮರೆಯುವ ಹೆಂಗಸೇ ಅಲ್ಲ ಅವಳು.

ಮೇಡಂ ಪದಬಂಧ ಹಿಡಿದು ಚಹಾಕ್ಕೆ ಇಳಿದು ಬಂದಾಗ ಕೇಳಿಯೇಬಿಟ್ಟಳು.

"ಅತ್ತಿಗೆ, ಆ ಕಾಗದದಲ್ಲಿ ಏನು ಬರೆದಿದ್ರಿ?"

"ಬರೆಯಬೇಕಾದ್ದನ್ನ ಬರೆದಿದ್ದೀನಿ. ಅದು ಮುಚ್ಚಿದ ಕಾಗದ."

"ಯಾಕೆ ಮುಚ್ಚಿದ್ರಿ ಅಂತ ಈಗ ಗೊತ್ತಾಗ್ತಿದೆ."

ಮೇಡಂ ಪೆನ್ನು ಕೆಳಗಿಟ್ಟರು. "ಏನಮ್ಮಾ ನಿನ್ನ ಮಾತಿನ ಅರ್ಥ?"

"ಅರ್ಥ ಹೇಳೋಕೆ ನಾನೇನು ಓದಿದವಳಾ? ಮನೆಗೆ ಒಬ್ಬಳು ಸಾಕಲ್ಲ."

ಮೇಡಂ ಮುಖ ಒಂದು ಕ್ಷಣ ಬಿಳಿಚಿತು. ಬಟ್ಟಲು ಅಲ್ಲೇ ಬಿಟ್ಟು ಮೇಲೆ ಹೋದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಇಸ್ತ್ರಿಯಮ್ಮ.

ಅಂದಿನಿಂದ ಸೇಡು. ಬಾಯಲ್ಲಿ ಅಲ್ಲ, ಬಟ್ಟೆಯಲ್ಲಿ. ಮೇಡಂ ಅಂಗಿಗಳಿಗೆ ಗಂಜಿ ಎರಡು ಪಟ್ಟು ಬಿತ್ತು. ಕಾಲರು ತಗಡಿನಂತೆ ನಿಂತು ಅವರ ಕುತ್ತಿಗೆಯನ್ನು ಕೆಂಪಗೆ ಗೀರಿತು. ಬೂದು ಬಣ್ಣದ ಉಣ್ಣೆಯ ಸ್ವೆಟರು ಕುದಿಯುವ ನೀರಿನಲ್ಲಿ ಮುಳುಗೆದ್ದು, ಗೊಂಬೆಗೆಂದೇ ಹೆಣೆಸಿದಂತೆ ಹೊರಬಂತು.

"ನನ್ನ ಸ್ವೆಟರ್ ಇದೇನಾ?" ಮೇಡಂ ಅದನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದರು.

"ನಂಬರ್ ನೋಡಿ ಅತ್ತಿಗೆ, ನಿಮ್ಮದೇ. ಉಣ್ಣೆ ಕೆಲವು ಸಲ ಕುಗ್ಗುತ್ತೆ. ಕೆಲವರ ಮನಸ್ಸಿನ ಹಾಗೆ."

"ಅಕ್ಕ, ಹೊಸದು ತರೋಣ ಬಿಡು," ಎಂದ ಗಂಡ, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟು.

"ಯಂತ್ರದ ಕಡೆ ಗಮನ ಇರಲಿ," ಎಂದರು ಇಬ್ಬರೂ ಒಟ್ಟಿಗೆ. ಅವನು ಹೋದ.

ಸೋಮವಾರ ಬೆಳಿಗ್ಗೆ ಮೂರನೆಯ ಕಾಲೇಜಿನಿಂದ ದೊಡ್ಡ ಲಕೋಟೆ ಬಂತು. ಮಗಳು ಅದನ್ನು ಅಮ್ಮನ ಮುಂದೆ ಹಿಡಿದಳು, ಅಮ್ಮನೇ ಹರಿದಳು. ಒಳಗೊಂದು ಚೀಟಿ: ನೀವು ಕಳಿಸಿದ ಶಿಫಾರಸು ಪತ್ರ ಖಾಲಿ ಹಾಳೆಯಾಗಿದೆ, ಹಿಂತಿರುಗಿಸುತ್ತಿದ್ದೇವೆ, ಶುಕ್ರವಾರ ಸಂಜೆಯೊಳಗೆ ಸರಿಯಾದ ಪತ್ರ ತಲುಪಿದರೆ ಪರಿಶೀಲಿಸುತ್ತೇವೆ. ಜೊತೆಗೆ ಆ ಹಾಳೆ. ಇಸ್ತ್ರಿಯಮ್ಮ ಅದನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು. ಒಂದಕ್ಷರವಿಲ್ಲ. ಒಂದು ಚುಕ್ಕೆಯಿಲ್ಲ.

"ಖಾಲಿ," ಎಂದಳು. ಆಮೇಲೆ ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ. "ಮೂರಕ್ಕೂ ಖಾಲಿ ಹಾಳೆ ಅಂಟಿಸಿ ಕೊಟ್ಟಿದ್ದಾರೆ ನಿಮ್ಮತ್ತೆ. ಒಂದು ಕೆಟ್ಟ ಮಾತು ಬರೆದು ಪಾಪ ಕಟ್ಕೊಳ್ಳೋದೂ ಬೇಡ, ಹುಡುಗಿ ಉದ್ಧಾರ ಆಗೋದೂ ಬೇಡ!"

ಮೇಡಂ ಆಗ ಗ್ರಂಥಾಲಯಕ್ಕೆ ಹೋಗಿದ್ದರು. ಇಸ್ತ್ರಿಯಮ್ಮ ಹಾಳೆಯನ್ನು ಅಂಗಡಿಯ ಎದುರಿನ ತಂತಿಗೆ, ಬೀದಿಗೆ ಮುಖ ಮಾಡಿ, ಕ್ಲಿಪ್ಪು ಹಾಕಿ ತೂಗುಬಿಟ್ಟಳು. ನಂಬರಿನ ಚೀಟಿ ಬರೆಯುವ ದಪ್ಪ ಮಾರ್ಕರಿನಲ್ಲಿ ಒಂದು ಚೀಟಿ ಬರೆದು ಕೆಳಗೆ ಚುಚ್ಚಿದಳು: ಹೆಡ್ ಮೇಡಂ ತಮ್ಮನ ಮಗಳಿಗೆ ಬರೆದ ಶಿಫಾರಸು.

ಔಷಧಿ ಅಂಗಡಿಯವನು ಬಂದ, ಓದಿದ, ಪ್ಯಾಂಟು ಮರೆತು ಹೋದ. ಬ್ಯಾಂಕಿನ ಗುಮಾಸ್ತೆ ಬಂದು, "ಅಯ್ಯೋ, ಇಂಥವರಾ ಇವರು!" ಎಂದಳು. ಸುದ್ದಿಗೆ ಕಾಲು ಬಂದು ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿ ಮುಟ್ಟಿತ್ತು. ಇಪ್ಪತ್ತು ವರ್ಷದಲ್ಲಿ ಇಸ್ತ್ರಿಯಮ್ಮ ಅಷ್ಟು ರುಚಿಯಾಗಿ ಊಟ ಮಾಡಿದ್ದು ಅಂದೇ.

ಮೇಡಂ ಪುಸ್ತಕದ ಚೀಲ ಹಿಡಿದು ಬಂದವರು ತಂತಿಯ ಕೆಳಗೆ ನಿಂತರು. ಚೀಟಿ ಓದಿದರು.

"ನಾನು ಬರೆದಿದ್ದೆ," ಎಂದರು.

"ಎಲ್ಲಿ ಬರೆದಿದ್ರಿ, ಬೆರಳಿಟ್ಟು ತೋರಿಸಿ ಅತ್ತಿಗೆ. ಎಲ್ಲರೂ ನೋಡ್ಲಿ."

ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಮೂವರೂ ಮೇಡಂ ಶಿಷ್ಯರು. ಮೂವರೂ ತಲೆ ತಗ್ಗಿಸಿದರು. ಮೇಡಂ ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದರು. ಊಟಕ್ಕೆ ಇಳಿಯಲಿಲ್ಲ, ಮರುದಿನ ಚಹಾಕ್ಕೂ ಇಳಿಯಲಿಲ್ಲ. ಮಗಳು ತಟ್ಟೆ ಹೊತ್ತು ಮೇಲೆ ಹೋಗಿ ಅಂಗಲಾಚಿದಳು.

"ಅತ್ತೆ, ಇನ್ನೊಂದು ಬರೆದುಕೊಡಿ. ಶುಕ್ರವಾರದ ತನಕ ಟೈಮಿದೆ."

"ನಿಮ್ಮಮ್ಮ ಆ ಹಾಳೆ ಇಳಿಸಲಿ. ಅಲ್ಲೀವರೆಗೆ ನಾನು ಪೆನ್ನು ಮುಟ್ಟಲ್ಲ."

ಕೆಳಗೆ ಬಂದು ಹೇಳಿದರೆ, "ಅವರು ತಪ್ಪು ಒಪ್ಕೊಳ್ಳಲಿ. ಅಲ್ಲೀವರೆಗೆ ನಾನು ಕ್ಲಿಪ್ ಮುಟ್ಟಲ್ಲ," ಎಂದಳು ಅಮ್ಮ.

ಮಂಗಳವಾರ ಹೋಯಿತು. ಬುಧವಾರ ಹೋಯಿತು. ಬುಧವಾರ ಸಂಜೆ ಮಗಳು ಚೀಟಿಗಳ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮಿಬ್ಬರಿಗೂ ನಾನು ಬೇಕಾಗಿಲ್ಲ. ಜಗಳಕ್ಕೊಂದು ನೆಪ ಬೇಕಿತ್ತು, ನಾನು ಸಿಕ್ಕಿದೆ. ಕಾಲೇಜು ಬೇಡ ನನಗೆ. ಇಲ್ಲೇ ನಿಂತು ಇಸ್ತ್ರಿ ಹಾಕ್ತೀನಿ, ಸಂತೋಷಾನಾ?"

ಆ ಮಾತು ಇಸ್ತ್ರಿಯಮ್ಮನ ಎದೆಗೇ ನಾಟಿತು. ಆದರೂ ಹಾಳೆ ಇಳಿಸಲಿಲ್ಲ. ಹಠ ಎಂದರೆ ಹಾಗೆ, ಮಗಳಿಗಾಗಿಯೇ ಶುರುವಾಗಿ ಮಗಳನ್ನೇ ನುಂಗುತ್ತದೆ.

ಗುರುವಾರ ಮಧ್ಯಾಹ್ನ ನೋಡಿದರೆ ಯಾರೋ ಪುಂಡ ಹಾಳೆಯ ಮೇಲೆ ಅಗಿದ ಚೂಯಿಂಗ್ ಗಮ್ ಅಂಟಿಸಿ ಹೋಗಿದ್ದ. ಇಸ್ತ್ರಿಯಮ್ಮನಿಗೆ ಸಿಟ್ಟು ಬಂತು, ಸಾಕ್ಷಿ ಹಾಳಾಗಬಾರದಲ್ಲ! ಗಮ್ಮಿಗೆ ಅಂಗಡಿಯಲ್ಲಿ ಒಂದೇ ಮದ್ದು: ಬಟ್ಟೆಯನ್ನು ಫ್ರೀಜರಿನಲ್ಲಿ ಇಡುವುದು. ಕಲ್ಲಾದ ಮೇಲೆ ಉಗುರಿನಿಂದ ಕಿತ್ತರೆ ಚಕ್ಕೆಯಾಗಿ ಬರುತ್ತದೆ. ಅಲ್ಲಿ ಆಗಲೇ ಒಬ್ಬ ಗಿರಾಕಿಯ ಪ್ಯಾಂಟು ಮಡಚಿ ಇಟ್ಟಿತ್ತು. ಅದರ ಮೇಲೆ ಹಾಳೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು, ಕೆಲಸದ ನಡುವೆ ಮರೆತಳು.

ಶುಕ್ರವಾರ ಬೆಳಿಗ್ಗೆ ಪ್ಯಾಂಟು ತೆಗೆಯಲು ಹೋದಾಗ ಚೀಲ ಕೈಗೆ ಬಂತು. ಹಾಳೆಯನ್ನು ಹೊರಗೆಳೆದು ಗಮ್ಮನ್ನು ಉಗುರಿನಿಂದ ಕಿತ್ತಳು.

ಹಾಳೆಯ ತುಂಬ ಬರಹ.

ಮೇಡಂ ಕೈಬರಹ, ನೆಟ್ಟಗೆ, ಸಾಲು ತಪ್ಪದೆ, ಮೇಲಿಂದ ಕೆಳಗಿನವರೆಗೆ. ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಹುಡುಗಿಯ ಲೆಕ್ಕ, ವಿಜ್ಞಾನ, ಬೀದಿನಾಯಿಯ ಮುರಿದ ಕಾಲಿಗೆ ಹಳೆಯ ಹ್ಯಾಂಗರಿನ ಕಡ್ಡಿ ಕಟ್ಟಿ ನಡೆಸಿದ್ದು, ಎಲ್ಲ ಇತ್ತು. ಕೊನೆಗೆ ಹೀಗಿತ್ತು:

"ಈ ಹುಡುಗಿಯ ಬುದ್ಧಿ ನಮ್ಮ ಮನೆತನದ್ದಲ್ಲ, ಇವಳ ತಾಯಿಯದು. ಇಪ್ಪತ್ತು ವರ್ಷದ ಹಿಂದೆ ಆ ತಾಯಿಗೂ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹೋಗದಂತೆ ತಡೆದವಳು ನಾನು. ನನ್ನ ಕೈಯಾರೆ ನಾನು ಹಾಳು ಮಾಡಿದ ವಿದ್ಯಾರ್ಥಿನಿ ಅವಳೊಬ್ಬಳೇ. ಮಗಳನ್ನು ನೀವು ಕೈಬಿಡಬೇಡಿ."

ಇಸ್ತ್ರಿಯಮ್ಮ ಹಾಳೆ ಹಿಡಿದು ಅಂಗಡಿಗೆ ಬಂದು ಮೇಜಿಗೆ ಒರಗಿದಳು. ತೇವಕ್ಕೆ ಹಾಳೆಯ ಕೆಳಮೂಲೆ ಮುದುಡಿತ್ತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಅಭ್ಯಾಸಬಲದಿಂದ, ಬಿಸಿ ಪೆಟ್ಟಿಗೆಯ ತುದಿಯನ್ನು ಆ ಮೂಲೆಗೆ ತಾಗಿಸಿದಳು. ಅವಳು ನೋಡನೋಡುತ್ತಿದ್ದಂತೆ ಮೇಡಂ ಸಹಿ ಕರಗಿ ಮಾಯವಾಯಿತು.

ಪೆಟ್ಟಿಗೆಯನ್ನು ಎತ್ತಿದಳು. ಮೂಲೆ ಬೆಳ್ಳಗಿತ್ತು.

ಉಜ್ಜಿದರೆ ಮಾಯವಾಗುವ ಪೆನ್ನು. ಉಜ್ಜಿದರೆ ಏನಾಗುತ್ತದೆ? ಬಿಸಿಯಾಗುತ್ತದೆ. ಬಿಸಿಗೆ ಹೋದ ಅಕ್ಷರ ಫ್ರೀಜರಿನ ಚಳಿಗೆ ಮರಳಿತ್ತು. ಮೂರು ಲಕೋಟೆ, ಒಂದೊಂದಕ್ಕೆ ಎರಡೆರಡು ಸಲ, ಚೆನ್ನಾಗಿ ಒತ್ತಿ.

"ಅಯ್ಯೋ ನನ್ನ ಕೈ ಸೇದಿಹೋಗ!" ಎಂದು ತಲೆ ಚಚ್ಚಿಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಇಲ್ಲಿ ಜ್ವರ ತಂದವಳೂ ಅವಳೇ, ಬರೆ ಎಳೆದವಳೂ ಅವಳೇ.

ಗಂಡ ಓಡಿ ಬಂದ. ಕೇಳಿದ, ನೋಡಿದ, ಅಪರೂಪಕ್ಕೆ ಬುದ್ಧಿ ಓಡಿಸಿದ. "ಮತ್ತೆ ಫ್ರೀಜರಿಗಿಡು. ಸಹಿ ಬರುತ್ತೆ. ಹನ್ನೊಂದೂವರೆ ಬಸ್ಸಿಗೆ ಮಗಳು ತಗೊಂಡು ಹೋಗ್ಲಿ. ಯಾರಿಗೂ ಗೊತ್ತಾಗೋದು ಬೇಡ. ಅಕ್ಕನಿಗೂ ಬೇಡ."

ಅವಳು ಯೋಚಿಸಿದಳು. ಸುಳ್ಳು ಹೇಳುವುದೇಕೆ, ಚೆನ್ನಾಗಿಯೇ ಯೋಚಿಸಿದಳು. ಮಗಳಿಗೆ ಸೀಟಿಗೆ ಸೀಟೂ ಸಿಕ್ಕೀತು, ಮೇಡಂ ಮುಖಕ್ಕೆ ಬಳಿದ ಮಸಿ ಮಸಿಯಾಗಿಯೇ ಉಳಿದೀತು. ಆದರೆ ಮಸಿ ಬಳಿದದ್ದು ಇದೇ ಅಂಗಡಿ. ಕಲೆಯಿರುವ ಬಟ್ಟೆಯನ್ನು ಕಲೆಯಿಲ್ಲ ಎಂದು ಕೊಟ್ಟು ಕಳಿಸುವುದು ಅವಳಿಂದ ಈ ಜನ್ಮದಲ್ಲಿ ಆಗದು. ಹಾಳೆ ಹಿಡಿದು ಮೆಟ್ಟಿಲು ಹತ್ತಿದಳು.

ಮೇಡಂ ಹಾಸಿಗೆಯ ಮೇಲೆ ಬಟ್ಟೆ ಹರವಿಕೊಂಡು, ಮನೆ ಬಿಟ್ಟು ಹೊರಡಲು ಸೂಟ್‌ಕೇಸಿಗೆ ತುಂಬುತ್ತಿದ್ದರು. ಕುತ್ತಿಗೆಯ ಗೀರು ಇನ್ನೂ ಕೆಂಪಗಿತ್ತು.

"ನೀವು ಬರೆದಿದ್ರಿ ಅತ್ತಿಗೆ. ಅಳಿಸಿದ್ದು ನನ್ನ ಇಸ್ತ್ರಿಪೆಟ್ಟಿಗೆ. ನಿಮ್ಮ ಪೆನ್ನಿಗೆ ಬಿಸಿ ತಾಗ್ಬಾರ್ದು. ತಪ್ಪಾಯ್ತು."

ಮೇಡಂ ಹಾಳೆ ತೆಗೆದುಕೊಂಡರು. ನೋಡಿದರು. "ಓದಿದೆಯಾ?"

"ಓದಿದೆ."

"ಮುಚ್ಚಿದ ಕಾಗದ ಓದಬಾರದು."

"ನಾಲ್ಕು ಜನ ಗೊತ್ತಿಲ್ಲದ ಸಾಹೇಬರಿಗೆ ಬರೆದ್ರಿ! ಇಪ್ಪತ್ತು ವರ್ಷ ನಿಮ್ಮ ಕಾಲರ್ ಹಿಡಿದು ನಿಂತವಳಿಗೆ ಒಂದು ಸಲ ಹೇಳೋಕೆ ಬಾಯಿ ಬರಲಿಲ್ಲ ನಿಮಗೆ," ಎಂದಳು ಇಸ್ತ್ರಿಯಮ್ಮ. ದನಿ ಏರಿತ್ತು, ಕಣ್ಣು ತುಂಬಿತ್ತು, ಎರಡಕ್ಕೂ ಕಾರಣ ಸಿಟ್ಟೇ.

ಮೇಡಂ ಬಾಲ್‌ಪೆನ್ನು ಹುಡುಕಿ, ಮಾಯವಾದ ಜಾಗದಲ್ಲಿ ಹೊಸ ಸಹಿ ಹಾಕಿ, ಲಕೋಟೆಗೆ ಸೇರಿಸಿ ಅಂಟಿಸಿದರು. "ಇದು ಹುಡುಗಿಗೆ. ಒಂಬತ್ತೂವರೆ ಬಸ್ಸಿಗೇ ಓಡಲಿ. ಮತ್ತೆ ಇಸ್ತ್ರಿ ಹಾಕ್ಬೇಡ." ಆಮೇಲೆ ತಲೆಯೆತ್ತಿದರು. "ಇನ್ನು ನನ್ನದು. ಇಲ್ಲಿ ಮೇಲೆ ಬಂದು ಪಿಸುಗುಟ್ಟಿದ್ರೆ ಆಯ್ತಾ? ನನ್ನ ಮಾನ ಹೋಗಿದ್ದು ಬೀದೀಲಿ. ಎಷ್ಟು ದಿನ ತೂಗುಹಾಕಿದ್ದೆ?"

"ಸೋಮವಾರದಿಂದ ಗುರುವಾರ. ನಾಲ್ಕು ದಿನ."

"ಹಾಗಾದ್ರೆ ನಾಲ್ಕು ದಿನ."

ಮಗಳು ಲಕೋಟೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಸ್ಸಿಗೆ ಓಡಿದಳು. ಇಸ್ತ್ರಿಯಮ್ಮ ದಪ್ಪ ಮಾರ್ಕರಿನಲ್ಲಿ ಬರೆದಳು: ಮೇಡಂ ಬರೆದಿದ್ದರು. ಅಳಿಸಿದ್ದು ನಾನು, ನನ್ನ ಇಸ್ತ್ರಿಪೆಟ್ಟಿಗೆ. ಅದೇ ತಂತಿ, ಅದೇ ಕ್ಲಿಪ್ಪು.

"ಮಾಡಿದ್ದುಣ್ಣೋ ಮಹರಾಯ," ಎಂದಳು ಅಜ್ಜಿ, ಗುಂಡಿಯ ದಾರ ಕಚ್ಚಿ ತುಂಡರಿಸುತ್ತ.

ಔಷಧಿ ಅಂಗಡಿಯವನು ಮತ್ತೆ ಬಂದ, ಓದಿದ, ಈ ಸಲ ಪ್ಯಾಂಟು ತೆಗೆದುಕೊಂಡು ಹೋದ. ಬ್ಯಾಂಕಿನ ಗುಮಾಸ್ತೆ, "ಅಯ್ಯೋ, ಇಂಥವರಾ ನೀವು!" ಎಂದಳು. ಮೇಡಂ ನಾಲ್ಕು ದಿನವೂ ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಪದಬಂಧ ತುಂಬುತ್ತ ಕೂತರು. ಬಂದವರೆಲ್ಲ ನಮಸ್ಕಾರ ಹೇಳಿ, ತಲೆಯೆತ್ತಿ ತಂತಿ ನೋಡಿ, ಒಳಗೆ ಬರಬೇಕು. ಇಸ್ತ್ರಿಯಮ್ಮ ಕೆಂಪು ಮುಖ ಹೊತ್ತು ಕೆಲಸ ಮಾಡಿದಳು.

ಸೋಮವಾರ ಮೂರು ಗಂಟೆಗೆ ಮಗಳ ಫೋನಿಗೆ ಕಾಲೇಜಿನ ಸಂದೇಶ ಬಂತು. ಓದಿ, ಮತ್ತೆ ಓದಿ, ಅವಳು ಕಿರುಚಿದ ಕಿರುಚಾಟಕ್ಕೆ ಅಪ್ಪ ಯಂತ್ರ ನಿಲ್ಲಿಸಿ ಬಂದ.

"ಸಿಕ್ತು! ಅಮ್ಮಾ, ಸಿಕ್ತು! ಅತ್ತೆ!"

ಅಜ್ಜಿ ಸೂಜಿ ಬೀಳಿಸಿದಳು. ಮೇಡಂ ಹುಡುಗಿಯ ತಲೆ ನೇವರಿಸಿದರು. ಇಸ್ತ್ರಿಯಮ್ಮ ಮಗಳನ್ನು ತಬ್ಬಿ, ಅತ್ತು, ಮೂಗು ಒರೆಸಿಕೊಂಡು, ಸಂಭ್ರಮದಲ್ಲಿ ತಂತಿಯ ಕಡೆ ಕೈ ಚಾಚಿದಳು.

"ಇನ್ನೂ ಸಂಜೆ ಆಗಿಲ್ಲ," ಎಂದರು ಮೇಡಂ, ಪದಬಂಧದಿಂದ ತಲೆಯೆತ್ತದೆ.

ಅವಳು ಕೈ ಇಳಿಸಿದಳು. ಒಳಗೆ ಹೋದಳು. ಟ್ರಂಕು ಎಳೆದ ಸದ್ದಾಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಮೇಡಂ ಪೆನ್ನಿಗೆ ಮುಚ್ಚಳ ಹಾಕಿ, "ಈಗ ಇಳಿಸು," ಎಂದರು. ಇಸ್ತ್ರಿಯಮ್ಮ ತನ್ನ ಹಾಳೆಯನ್ನು ಇಳಿಸಿದಳು. ಆಮೇಲೆ ಮೇಜಿನ ಮೇಲೆ ಒಂದು ಹಳದಿಗಟ್ಟಿದ ಕಾಗದ ಹರಡಿದಳು, ಇಪ್ಪತ್ತು ವರ್ಷ ಟ್ರಂಕಿನ ತಳದಲ್ಲಿ ಮಡಿಕೆ ಬಿದ್ದಿದ್ದ ಕಾಗದ. ಬಿಸಿ ಪೆಟ್ಟಿಗೆಯಿಂದ ನಿಧಾನವಾಗಿ ಇಸ್ತ್ರಿ ಹಾಕಿದಳು. ಅಚ್ಚಿನ ಅಕ್ಷರ, ಒಂದೂ ಅಳಿಯಲಿಲ್ಲ. ಅವಳ ಹೆಸರು, ಕಾಲೇಜಿನ ಹೆಸರು, ಸೀಟು ದೊರೆತಿದೆ ಎಂಬ ಸಾಲು, ಎಲ್ಲ ಸ್ಪಷ್ಟವಾಗಿ ಎದ್ದು ಕಂಡವು. ಖಾಲಿಯಾದ ಕ್ಲಿಪ್ಪಿಗೆ, ಬೀದಿಗೆ ಮುಖ ಮಾಡಿ, ಅದನ್ನು ತೂಗುಹಾಕಿದಳು.

"ಇದು ಎಷ್ಟು ದಿನ ತೂಗಲಿ, ಅತ್ತಿಗೆ?"

ಮೇಡಂ ಕನ್ನಡಕ ಸರಿಪಡಿಸಿಕೊಂಡು ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಕುರ್ಚಿ ಮಡಚಲು ಬಂದ ತಮ್ಮನನ್ನು ಕೈಸನ್ನೆಯಲ್ಲೇ ತಡೆದು, ಮತ್ತೆ ಅದರಲ್ಲೇ ಕೂತರು. ಲೆಕ್ಕದಲ್ಲಿ ಎಂದೂ ತಪ್ಪದ ಮೇಡಂ ಆ ಇಪ್ಪತ್ತು ವರ್ಷದ ಲೆಕ್ಕಕ್ಕೆ ಉತ್ತರ ಹೇಳಲಿಲ್ಲ. ಇಳಿಸು ಅಂತಲೂ ಅನ್ನಲಿಲ್ಲ.